ಓದುಗರ ಪ್ರಶ್ನೆ: ಮಳೆ ಜೋರಾದ್ರೆ ಮಲೇರಿಯಾನೂ ಜೋರಾಗತ್ತಾ?

ಹವಾಮಾನಕ್ಕೂ ಮಲೇರಿಯಾಕ್ಕೂ ಏನು ಸಂಬಂಧ ಅಂತ ಕೇಳಿ ಈ ಸಲ ಪ್ರಶ್ನೆಗಳು ಒಂದೇ ಸಮನೆ ಬಂದಿದಾವೆ. ಒಂದೇ ಥರದ್ದನ್ನೆಲ್ಲ ಸೇರಿಸಿ, ಉದ್ದ ಇದ್ದದ್ದನ್ನ ಸ್ವಲ್ಪ ಕತ್ತರಿಸಿ ಕೊಟ್ಟಿದೀನಿ.

ಪ್ರಶ್ನೆ: ಸರ್, ಮಳೆ ಜಾಸ್ತಿ ಆದ್ರೆ ಸೊಳ್ಳೆ ಜಾಸ್ತಿ, ಸೊಳ್ಳೆ ಜಾಸ್ತಿ ಆದ್ರೆ ಮಲೇರಿಯಾ ಜಾಸ್ತಿ ಅಂತ ಸ್ಕೂಲಿಂದ ಕೇಳ್ಕೊಂಡು ಬಂದಿದೀವಿ. ಆದ್ರೆ ಕೆಲವು ವರ್ಷ ಜಡಿಮಳೆ ಹೊಡೆದ್ರೂ ಕೇಸ್ ಕಮ್ಮಿ, ಕೆಲವು ವರ್ಷ ಮಳೆ ಕೈಕೊಟ್ಟಾಗ್ಲೇ ಜ್ವರ ಜೋರು. ಇದ್ಯಾವ ಲೆಕ್ಕ?

ಎಷ್ಟು ಮಿಲಿಮೀಟರ್ ಮಳೆ ಬಿತ್ತು ಅನ್ನೋದನ್ನ ಸ್ವಲ್ಪ ಪಕ್ಕಕ್ಕಿಡಿ. ಬಿದ್ದ ನೀರು ಎಲ್ಲಿ ನಿಂತ್ಕೊಳ್ತು, ಎಷ್ಟು ದಿನ ಅಲುಗಾಡ್ದೆ ನಿಂತಿತ್ತು, ಅದು ಮುಖ್ಯ. ಮಲೇರಿಯಾ ಹರಡೋದು ಅನಾಫಿಲಿಸ್ ಜಾತಿ ಸೊಳ್ಳೆ, ಅದು ಮೊಟ್ಟೆಯಿಂದ ರೆಕ್ಕೆ ಬಲಿಯೋ ತನಕ ನೀರಲ್ಲೇ ಇರ್ಬೇಕು, ಬೆಚ್ಚಗಿರೋ ಕಡೆ ಒಂದೂವರೆ ಎರಡು ವಾರ, ತಣ್ಣಗಿದ್ರೆ ಇನ್ನೂ ಜಾಸ್ತಿ ದಿನ ಬೇಕು. ಆ ಎರಡು ವಾರದೊಳಗೆ ಧೋ ಅಂತ ಮಳೆ ಸುರಿದ್ರೆ ಮರಿಗಳೆಲ್ಲ ಕೊಚ್ಕೊಂಡು ಹೋಗ್ತವೆ, ಇಲ್ಲಾ ಬಿಸಿಲು ಜೋರಾಗಿ ಗುಂಡಿ ಒಣಗಿದ್ರೂ ಕಥೆ ಮುಗೀತು. ಅದಕ್ಕೆ ಹಿಡಿಸೋದು ಬಿಟ್ಟು ಬಿಟ್ಟು ಬರೋ ಮಳೆ, ಮಧ್ಯೆ ಮಧ್ಯೆ ಸ್ವಲ್ಪ ಬಿಸಿಲು.

ಇದಕ್ಕೆ ಇತಿಹಾಸದಲ್ಲಿ ಎರಡು ಉದಾಹರಣೆ ಇದಾವೆ, ಒಂದಕ್ಕೊಂದು ಪೂರ್ತಿ ಉಲ್ಟಾ. 1908ರಲ್ಲಿ ಪಂಜಾಬಲ್ಲಿ ಮಳೆ ಅತಿಯಾಯ್ತು, ಬಯಲು ಪ್ರದೇಶ, ನೀರು ಹರಿದು ಹೋಗಕ್ಕೆ ಜಾಗ ಇಲ್ಲ, ಎಲ್ಲ ಕಡೆ ನಿಂತ್ಕೊಳ್ತು, ಮಳೆಗಾಲ ಮುಗಿದು ಅಕ್ಟೋಬರ್ ಹೊತ್ತಿಗೆ ಶುರುವಾದ ಮಲೇರಿಯಾ ಮೂರೇ ತಿಂಗಳಲ್ಲಿ ಸುಮಾರು 3 ಲಕ್ಷ ಜನರನ್ನ ತಿಂದು ಹಾಕ್ತು. ಇನ್ನೊಂದು ಶ್ರೀಲಂಕಾದ್ದು, 1934-35. ಅಲ್ಲಿ ನೈಋತ್ಯ ಭಾಗ ಅಂದ್ರೆ ಯಾವಾಗ್ಲೂ ಮಳೆ, ನದಿಗಳು ತುಂಬಿ ಹರಿಯೋವು, ಹರಿಯೋ ನೀರಲ್ಲಿ ಸೊಳ್ಳೆ ಮರಿ ನಿಲ್ಲಲ್ಲ, ಹಾಗಾಗಿ ಅಲ್ಲಿ ಮಲೇರಿಯಾ ಅಷ್ಟಕ್ಕಷ್ಟೇ. ಆ ವರ್ಷ ಮಳೆ ಕೈಕೊಟ್ಟು ನದಿ ಬತ್ತಿ ಮರಳಲ್ಲಿ, ಬಂಡೆ ಸಂದಿಯಲ್ಲಿ ಸಾವಿರಾರು ಮಡು ಉಳ್ಕೊಂಡ್ವು, ಬಿಸಿಲಿಗೆ ಬೆಚ್ಚಗಾದ ತಿಳಿ ನೀರು, ಅನಾಫಿಲಿಸ್ ಕ್ಯುಲಿಸಿಫೇಸಿಸ್ ಅನ್ನೋ ಸೊಳ್ಳೆಗೆ ಹೇಳಿ ಮಾಡಿಸಿದ ಹಾಗೆ. ಸತ್ತವರು ಸುಮಾರು 80 ಸಾವಿರ. ಗಮನಿಸ್ಬೇಕಾದ ವಿಷಯ ಏನಂದ್ರೆ, ಪ್ರತಿ ವರ್ಷ ಮಲೇರಿಯಾ ಕಾಣ್ತಿದ್ದ ಒಣ ಪ್ರದೇಶದ ಜನಕ್ಕೆ ಅಷ್ಟು ಪೆಟ್ಟು ಬೀಳ್ಲಿಲ್ಲ, ಪೆಟ್ಟು ಬಿದ್ದಿದ್ದು ಮಲೇರಿಯಾ ಅಭ್ಯಾಸ ಇಲ್ಲದೆ ಇರೋ ತೇವದ ಸೀಮೆಯವರಿಗೆ, ಅವರ ಮೈಯಲ್ಲಿ ಪ್ರತಿರೋಧನೇ ಇರ್ಲಿಲ್ಲ.

ಒಣ ಸೀಮೆಯಲ್ಲಿ ಅತಿವೃಷ್ಟಿ, ಮಳೆ ಸೀಮೆಯಲ್ಲಿ ಅನಾವೃಷ್ಟಿ, ಎರಡರಲ್ಲೂ ಆಗಿದ್ದು ಒಂದೇ: ಮಾಮೂಲಾಗಿ ನಿಲ್ಲದ ಕಡೆ ನೀರು ನಿಂತ್ಕೊಳ್ತು. ಪಂಜಾಬ್ ವಿಷಯವನ್ನ ಅಧ್ಯಯನ ಮಾಡಿ 1911ರಲ್ಲಿ ವರದಿ ಬರೆದ ಕ್ರಿಸ್ಟೋಫರ್ಸ್ ಅನ್ನೋ ಡಾಕ್ಟ್ರು ಮಳೆ ಜೊತೆಗೆ ಧಾನ್ಯದ ಬೆಲೆಯನ್ನೂ ಇಟ್ಟು ನೋಡಿದ್ರು, ಹೊಟ್ಟೆಗಿಲ್ಲದ ವರ್ಷದಲ್ಲಿ ಅದೇ ಜ್ವರಕ್ಕೆ ಸಾಯೋರು ಜಾಸ್ತಿ ಅಂತ ತೋರಿಸಿದ್ರು. ನೂರು ವರ್ಷ ಆದ್ಮೇಲೂ ಬರೀ ಮಳೆ ಗ್ರಾಫ್ ಹಾಕಿ ಮಲೇರಿಯಾ ವಿವರಿಸೋರನ್ನ ನೋಡಿದ್ರೆ ನಂಗೆ ಆ ವರದಿ ಓದಿ ಅಂತ ಹೇಳ್ಬೇಕು ಅನ್ಸತ್ತೆ.

ಪ್ರಶ್ನೆ: ಬಿಸಿಲು ಜಾಸ್ತಿ ಆದ್ರೆ ಮಲೇರಿಯಾ ಜಾಸ್ತಿ ಆಗತ್ತೆ ಅಂತಾರೆ, ಆದ್ರೆ 42 ಡಿಗ್ರಿ ಹೊಡೆಯೋ ಬೇಸಿಗೆಯಲ್ಲಿ ಸೊಳ್ಳೆನೇ ಕಾಣಲ್ವಲ್ಲ? ಯಾವ್ದು ಸರಿ?

ಎರಡೂ ಸರಿ, ಆದ್ರೆ ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು, ಯಾಕಂದ್ರೆ ಇಡೀ ವಿಷಯದ ಬೇರು ಇಲ್ಲೇ ಇದೆ.

ಸೊಳ್ಳೆ ಒಬ್ಬ ರೋಗಿಯನ್ನ ಕಚ್ಚಿದ ತಕ್ಷಣ ಇನ್ನೊಬ್ಬರಿಗೆ ಮಲೇರಿಯಾ ಕೊಡಕ್ಕಾಗಲ್ಲ. ರಕ್ತದ ಜೊತೆ ಒಳಗೆ ಹೋದ ರೋಗಾಣು ಸೊಳ್ಳೆ ಹೊಟ್ಟೆಯಲ್ಲಿ ಬೆಳೆದು, ದುಪ್ಪಟ್ಟು ನಾಲ್ಪಟ್ಟಾಗಿ, ಅದರ ಎಂಜಲಿನ ಗ್ರಂಥಿಗೆ ಬಂದು ಸೇರ್ಬೇಕು, ಆಮೇಲೆ ಕಚ್ಚಿದ್ರಷ್ಟೇ ಅಪಾಯ. ಇದಕ್ಕೆ ಎಷ್ಟು ದಿನ ಬೇಕು ಅನ್ನೋದನ್ನ ತೀರ್ಮಾನ ಮಾಡೋದು ಹೊರಗಿನ ಬಿಸಿ. ಫಾಲ್ಸಿಪ್ಯಾರಮ್ ಅನ್ನೋ ಜೋರಿನ ಮಲೇರಿಯಾದ ರೋಗಾಣುವಿಗೆ ಒಂದು ಹಳೇ ಲೆಕ್ಕ ಇದೆ: ತಾಪಮಾನದಲ್ಲಿ 16 ಕಳೀರಿ, ಉಳಿದಿದ್ದರಿಂದ 111ನ್ನ ಭಾಗಿಸಿ, ಬಂದಿದ್ದು ದಿನ. 20 ಡಿಗ್ರಿ ಇದ್ರೆ 28 ದಿನ. 25 ಇದ್ರೆ 12 ದಿನ. 30 ಇದ್ರೆ 8 ದಿನ. 18ರ ಕೆಳಗೆ ಇಳಿದ್ರೆ ಎರಡು ತಿಂಗಳಾದ್ರೂ ಮುಗಿಯಲ್ಲ, ಅಂದ್ರೆ ಆಗೋದೇ ಇಲ್ಲ ಅಂತ ಅಂದ್ಕೊಳ್ಳಿ. ವೈವ್ಯಾಕ್ಸ್ ಅನ್ನೋ ಇನ್ನೊಂದು ಜಾತಿ ಇದಕ್ಕಿಂತ ಸ್ವಲ್ಪ ತಂಪನ್ನೂ ತಡ್ಕೊಳತ್ತೆ.

ಈಗ ಸೊಳ್ಳೆ ಆಯುಷ್ಯ ನೋಡಿ. ದಿನಕ್ಕೆ ನೂರಕ್ಕೆ ಹತ್ತು ಸೊಳ್ಳೆ ಸಾಯ್ತವೆ ಅಂತ ಇಟ್ಕೊಳ್ಳೋಣ. 12 ದಿನ ಆದ್ಮೇಲೆ ನೂರರಲ್ಲಿ 28 ಉಳ್ಕೊಂಡಿರ್ತವೆ, 28 ದಿನ ಆದ್ಮೇಲೆ ಬರೀ 5. ಅಂದ್ರೆ 25 ಡಿಗ್ರಿಯಿಂದ 20ಕ್ಕೆ ಇಳಿದ್ರೆ ಅಪಾಯಕಾರಿ ಸೊಳ್ಳೆಗಳ ಸಂಖ್ಯೆ ಐದಾರು ಪಟ್ಟು ಬಿದ್ದೋಗತ್ತೆ, ಊರಲ್ಲಿ ಒಟ್ಟು ಸೊಳ್ಳೆ ಅಷ್ಟೇ ಇದ್ರೂನೂ. ಇನ್ನು ಗಾಳಿ ಒಣಗಿದ್ದು ದಿನಕ್ಕೆ ನೂರಕ್ಕೆ ಇಪ್ಪತ್ತು ಸಾಯೋ ಹಾಗಾದ್ರೆ, 12 ದಿನಕ್ಕೇ ನೂರರಲ್ಲಿ 7 ಮಾತ್ರ. ಹಾಗಾಗಿ ಮಲೇರಿಯಾ ಹರಡೋದು ಮರಿ ಸೊಳ್ಳೆ ಅಲ್ಲ, ಮುದಿ ಸೊಳ್ಳೆ. ಸೊಳ್ಳೆಗೆ ವಯಸ್ಸಾಗಕ್ಕೆ ಬಿಡೋ ಹವಾಮಾನನೇ ಮಲೇರಿಯಾ ಹವಾಮಾನ.

ಅದಕ್ಕೇ ನಿಮ್ಮ 42 ಡಿಗ್ರಿಯಲ್ಲಿ ಏನೂ ಕಾಣಲ್ಲ. ರೋಗಾಣು ಬೇಗ ಬೆಳೀಬೋದಿತ್ತು, ಆದ್ರೆ ಸೊಳ್ಳೆನೇ ಬದುಕಲ್ಲ, 34-35 ದಾಟ್ತಿದ್ದ ಹಾಗೆ ರೋಗಾಣುವೂ ಸೊರಗತ್ತೆ. ಮೊದ್ಲೆಲ್ಲ 31 ಡಿಗ್ರಿ ಆಸುಪಾಸಲ್ಲಿ ಮಲೇರಿಯಾ ಅತೀ ಜೋರು ಅಂತ ಅಂದ್ಕೊಂಡಿದ್ರು, 2013ರ ಒಂದು ಅಧ್ಯಯನ ಸೊಳ್ಳೆ ಮತ್ತೆ ರೋಗಾಣು ಎರಡರ ಮಿತಿಯನ್ನೂ ಸೇರಿಸಿ ಲೆಕ್ಕ ಹಾಕಿ ಅದನ್ನ 25ಕ್ಕೆ ಇಳಿಸ್ತು. ಇದರ ಅರ್ಥ ಏನು ಗೊತ್ತಾ, ಈಗಾಗ್ಲೇ ಕಾದು ಕೂತಿರೋ ಜಾಗ ಇನ್ನೂ ಬಿಸಿಯಾದ್ರೆ ಅಲ್ಲಿ ಮಲೇರಿಯಾ ಕಮ್ಮಿ ಆಗ್ಬೋದು, ತಂಪಾಗಿರೋ ಜಾಗ ಸ್ವಲ್ಪ ಬೆಚ್ಚಗಾದ್ರೆ ಜಾಸ್ತಿ ಆಗ್ಬೋದು. ಭೂಮಿ ಬಿಸಿ ಆಗ್ತಿದೆ ಅಂದ್ರೆ ಎಲ್ಲ ಕಡೆ ಮಲೇರಿಯಾ ಏರತ್ತೆ ಅಂತ ಒಂದೇ ಸಾಲಲ್ಲಿ ಬರೆಯೋರು ಇದನ್ನ ಮರೀತಾರೆ.

ಇನ್ನೆರಡು ಸಣ್ಣ ವಿಷಯ. ತೇವಾಂಶ 60 ಪರ್ಸೆಂಟ್ ಕೆಳಗೆ ಇದ್ರೆ ಸೊಳ್ಳೆ ಆಯುಷ್ಯ ಕುಸಿಯತ್ತೆ, ಮಳೆಗಾಲದ ನಿಜವಾದ ಕೊಡುಗೆ ಬರೀ ಗುಂಡಿ ನೀರಲ್ಲ, ಈ ತೇವಾಂಶನೂ ಹೌದು. ಆಮೇಲೆ ಹವಾಮಾನ ಇಲಾಖೆ ಅಳೆಯೋದು ಹೊರಗಿನ ತಾಪಮಾನ, ಸೊಳ್ಳೆ ರಕ್ತ ಹೀರಿ ಎಷ್ಟೋ ಸಲ ಮನೆ ಗೋಡೆ ಮೇಲೆ, ದನದ ಕೊಟ್ಟಿಗೆಯಲ್ಲಿ ಕೂತಿರತ್ತೆ, ಅಲ್ಲಿನ ಬಿಸಿ ಬೇರೆನೇ.

ಪ್ರಶ್ನೆ: ಚರಂಡಿ ಕ್ಲೀನ್ ಇಲ್ಲ, ಅದಕ್ಕೇ ಮಲೇರಿಯಾ ಅಂತ ಎಲ್ಲರೂ ಬೈತಾರೆ. ನಿಜಾನಾ ಮೇಡಂ/ಸರ್?

ಚರಂಡಿ ಕ್ಲೀನ್ ಮಾಡ್ಸಿ, ಅದಕ್ಕೆ ಬೇರೆ ನೂರು ಕಾರಣ ಇದಾವೆ. ಆದ್ರೆ ಕೊಳಚೆ ನೀರಲ್ಲಿ ಹುಟ್ಟೋದು ಜಾಸ್ತಿ ಕ್ಯೂಲೆಕ್ಸ್ ಸೊಳ್ಳೆ, ಅದು ಆನೆಕಾಲು ರೋಗದ್ದು, ಮಲೇರಿಯಾದ್ದಲ್ಲ. ಅನಾಫಿಲಿಸ್‌ಗೆ ಸಾಮಾನ್ಯವಾಗಿ ಬೇಕಾಗಿರೋದು ತಿಳಿ ನೀರು. ಸಿಟಿಗಳಲ್ಲಿ ಮಲೇರಿಯಾ ಹರಡೋ ಅನಾಫಿಲಿಸ್ ಸ್ಟೆಫೆನ್ಸಿ ಮೊಟ್ಟೆ ಇಡೋದು ಮುಚ್ಚಳ ಇಲ್ಲದ ಓವರ್‌ಹೆಡ್ ಟ್ಯಾಂಕಲ್ಲಿ, ಸಂಪಲ್ಲಿ, ಬಾವಿಯಲ್ಲಿ, ಕಟ್ಟಡ ಕಟ್ಟೋ ಜಾಗದಲ್ಲಿ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರಲ್ಲಿ. ಚರಂಡಿಗೆ ಔಷಧಿ ಹೊಡೆದು ಮೇಲಿನ ಟ್ಯಾಂಕ್ ನೋಡ್ದೆ ಹೋದ್ರೆ ಫೋಟೋ ತೆಗೆಯಕ್ಕೆ ಚೆನ್ನಾಗಿರತ್ತೆ ಅಷ್ಟೇ.

ಈ ಸ್ಟೆಫೆನ್ಸಿ ವಿಷಯ ಬಂದಿದ್ದಕ್ಕೆ ಹೇಳ್ತೀನಿ. ಇದು ದಕ್ಷಿಣ ಏಷ್ಯಾದ, ಅರಬ್ ಕಡೆಯ ಸೊಳ್ಳೆ. 2012ರಲ್ಲಿ ಆಫ್ರಿಕಾದ ಜಿಬೂಟಿ ದೇಶದಲ್ಲಿ ಕಾಣಿಸ್ಕೊಳ್ತು. ಆ ವರ್ಷ ಅಲ್ಲಿ ಇದ್ದ ಮಲೇರಿಯಾ ಕೇಸ್ 27, ಇನ್ನೇನು ದೇಶದಿಂದ ಓಡಿಸಿಬಿಡ್ತಾರೆ ಅನ್ನೋ ಹಂತ. 2020ಕ್ಕೆ 73 ಸಾವಿರ ದಾಟ್ತು. ಈ ಏರಿಕೆಗೆ ಮುಖ್ಯ ಕಾರಣ ಈ ಹೊಸ ಸೊಳ್ಳೆನೇ ಅಂತ ಹೇಳ್ತಾರೆ. 2022ರಲ್ಲಿ ಇಥಿಯೋಪಿಯಾದ ಡಿರೆ ಡಾವಾ ಸಿಟಿಯಲ್ಲಿ ಒಣಗಾಲದಲ್ಲೇ ಮಲೇರಿಯಾ ಎದ್ದು ನಿಂತಿತ್ತು, ಅಲ್ಲೂ ಇದೇ ಸೊಳ್ಳೆ. ಮಳೆ ಗುಂಡಿ ನಂಬಿಕೊಂಡಿರೋ ಸೊಳ್ಳೆಗೆ ಮಳೆಗಾಲ ಅಂತ ಒಂದು ಸೀಸನ್ ಇರತ್ತೆ, ಜನ ತುಂಬಿಸಿಟ್ಟ ನೀರನ್ನ ನಂಬಿಕೊಂಡಿರೋದಕ್ಕೆ ಸೀಸನ್ ಎಲ್ಲಿದೆ, ಬರಗಾಲ ಬಂದಷ್ಟೂ ಜನ ಡ್ರಮ್ಮಲ್ಲಿ ಜಾಸ್ತಿ ನೀರು ಹಿಡಿದಿಡ್ತಾರೆ.

ಪ್ರಶ್ನೆ: ಎತ್ತರದ ಬೆಟ್ಟದ ಮೇಲಿರೋರಿಗೆ ಮಲೇರಿಯಾ ಬರಲ್ಲ ಅನ್ನೋದು ಎಷ್ಟು ನಿಜ? ಈಗ ಅಲ್ಲೂ ಬರ್ತಿದೆ ಅಂತ ಓದಿದೆ.

ಸಾವಿರ ಮೀಟರ್ ಮೇಲೆ ಹೋದ್ರೆ ಸುಮಾರು 6 ಡಿಗ್ರಿ ಕಮ್ಮಿ ಆಗತ್ತೆ. ಮೇಲೆ ಹೇಳಿದ ಲೆಕ್ಕದಲ್ಲಿ 6 ಡಿಗ್ರಿ ಅಂದ್ರೆ ಎಷ್ಟು ದೊಡ್ಡ ವ್ಯತ್ಯಾಸ ಅಂತ ನೀವೇ ಹಾಕಿ ನೋಡಿ. ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳು ಈ ಕಾರಣಕ್ಕೇ ಬಚಾವಾಗಿದ್ವು, ಆದ್ರೆ ಬಚಾವು ಅನ್ನೋದು ಅಂಚಿನ ಮೇಲೆ ನಿಂತ ಹಾಗೆ, ಒಂದೆರಡು ಡಿಗ್ರಿ ಏರಿದ ವರ್ಷ ರೋಗಾಣು ಬೆಳೆಯೋ ದಿನ ಸೊಳ್ಳೆ ಆಯುಷ್ಯದೊಳಗೆ ಬಂದ್ಬಿಡತ್ತೆ. ಕೆಳಗಿನ ಬಿಸಿ ಊರಲ್ಲಿ ಅದೇ ಒಂದು ಡಿಗ್ರಿ ಏರಿದ್ರೆ ಅಷ್ಟೇನೂ ಫರಕ್ ಬೀಳಲ್ಲ. ಇಥಿಯೋಪಿಯಾ ಮತ್ತೆ ಕೊಲಂಬಿಯಾದ ಬೆಟ್ಟ ಪ್ರದೇಶಗಳ ದಾಖಲೆ ಇಟ್ಕೊಂಡು 2014ರಲ್ಲಿ ಬಂದ ಅಧ್ಯಯನದಲ್ಲಿ ಬಿಸಿ ಜಾಸ್ತಿ ಇದ್ದ ವರ್ಷ ಮಲೇರಿಯಾ ಇನ್ನೂ ಮೇಲೆ ಹತ್ತತ್ತೆ, ತಂಪಿನ ವರ್ಷ ಕೆಳಗಿಳಿಯತ್ತೆ ಅಂತ ಸ್ಪಷ್ಟವಾಗಿ ಕಂಡಿತ್ತು.

ಆದ್ರೆ ಬೆಟ್ಟದ ಮೇಲೆ ಮಲೇರಿಯಾ ಜಾಸ್ತಿ ಆಗಿದ್ದಕ್ಕೆಲ್ಲ ಹವಾಮಾನ ಬದಲಾವಣೆನೇ ಕಾರಣ ಅಂತ ನಾನು ಹೇಳಲ್ಲ. ಕೀನ್ಯಾ ಬೆಟ್ಟಗಳ ವಿಷಯದಲ್ಲಿ ವಿಜ್ಞಾನಿಗಳೇ ವರ್ಷಗಟ್ಟಲೆ ಜಗಳ ಆಡಿದ್ರು, ಒಂದು ಗುಂಪು ತಾಪಮಾನ ಅಂತು, ಇನ್ನೊಂದು ಗುಂಪು ಕ್ಲೋರೋಕ್ವಿನ್ ಮಾತ್ರೆ ಕೆಲಸ ಮಾಡೋದು ನಿಲ್ಲಿಸಿದ್ದೇ ಕಾರಣ ಅಂತು. ನಂಗನ್ಸೋದು ಎರಡೂ ಸೇರ್ಕೊಂಡಿದ್ವು. ಮನುಷ್ಯರು ನೀರು ನಿಲ್ಲಿಸೋದೂ ಇದೆ. ಇಥಿಯೋಪಿಯಾದ ಟಿಗ್ರೇ ಬೆಟ್ಟಗಳಲ್ಲಿ, 1800 ಮೀಟರಿಗಿಂತ ಮೇಲೆ, ನೀರಾವರಿಗೆ ಅಂತ ಸಣ್ಣ ಸಣ್ಣ ಡ್ಯಾಂ ಕಟ್ಟಿದ್ರು, ಡ್ಯಾಂ ಹತ್ರದ ಮಕ್ಕಳಲ್ಲಿ ಮಲೇರಿಯಾ ದೂರದ ಹಳ್ಳಿ ಮಕ್ಕಳಿಗಿಂತ ಏಳು ಪಟ್ಟು ಅಂತ 1999ರಲ್ಲಿ ಪ್ರಕಟ ಆಯ್ತು. ಆ ಲೇಖನದ ಮೊದಲ ಹೆಸರು ಟೆಡ್ರೋಸ್, ಕೋವಿಡ್ ಕಾಲದಲ್ಲಿ ದಿನಾ ಟಿವಿಯಲ್ಲಿ ಬರ್ತಿದ್ರಲ್ಲ, ವಿಶ್ವ ಆರೋಗ್ಯ ಸಂಸ್ಥೆ ಮುಖ್ಯಸ್ಥರು, ಅವರೇ.

ಪ್ರಶ್ನೆ: ಕಾಡು ಕಡಿದ್ರೆ ಮಲೇರಿಯಾ ಹೆಚ್ಚಾಗತ್ತೋ ಕಮ್ಮಿ ಆಗತ್ತೋ? ಎರಡೂ ಥರ ಹೇಳ್ತಾರೆ, ತಲೆ ಕೆಟ್ಟೋಗಿದೆ.

ಎಲ್ಲಿನ ಕಾಡು, ಅಲ್ಲಿ ಯಾವ ಸೊಳ್ಳೆ ಅಂತ ಕೇಳ್ದೆ ಉತ್ತರ ಕೊಡೋರನ್ನ ನಂಬ್ಬೇಡಿ. ಅಮೆಜಾನಲ್ಲಿ ಇರೋ ಡಾರ್ಲಿಂಗಿ ಅನ್ನೋ ಸೊಳ್ಳೆಗೆ ಬಿಸಿಲು ಬೀಳೋ ಕಾಡಂಚಿನ ನೀರು ಇಷ್ಟ, ರಸ್ತೆ ಮಾಡಿ ಮರ ಕಡಿದಷ್ಟೂ ಅದಕ್ಕೆ ಜಾಗ, ಜೊತೆಗೆ ಪ್ರತಿರೋಧ ಇಲ್ಲದ ಹೊಸ ಜನ ಅಲ್ಲಿಗೆ ಬಂದು ಗೋಡೆ ಇಲ್ಲದ ಗುಡಿಸಲಲ್ಲಿ ಮಲಗ್ತಾರೆ. ಆಗ್ನೇಯ ಏಷ್ಯಾದ ಡೈರಸ್ ಸೊಳ್ಳೆಗೆ ದಟ್ಟ ನೆರಳಿನ ಕೆಳಗಿನ ಸಣ್ಣ ಗುಂಡಿ ಬೇಕು, ಅಲ್ಲಿ ಕಾಡು ಹೋದ್ರೆ ಅದೂ ಹೋಗತ್ತೆ, ರಬ್ಬರ್ ತೋಟ ಬೆಳೆದು ನೆರಳು ವಾಪಸ್ ಬಂದ್ರೆ ಅದೂ ವಾಪಸ್. ನಮ್ಮ ದೇಶದಲ್ಲಿ ಒಡಿಶಾ ಥರದ ಗುಡ್ಡಗಾಡಲ್ಲಿ ಫ್ಲುವಿಯಾಟಿಲಿಸ್ ಅನ್ನೋದು ಸಣ್ಣಗೆ ಹರಿಯೋ ತೊರೆ ಅಂಚಲ್ಲಿ ಹುಟ್ಟತ್ತೆ, ಮಳೆಗಾಲ ಮುಗಿದು ತೊರೆ ಶಾಂತ ಆದ್ಮೇಲೆ ಅದರ ದರ್ಬಾರು, ಹಾಗಾಗಿ ಅಂಥ ಕಡೆ ಚಳಿಗಾಲದ ಶುರುವಲ್ಲೂ ಮಲೇರಿಯಾ ಬಿಡಲ್ಲ.

ನಂಗೆ ತುಂಬಾ ಇಷ್ಟವಾದ ಉದಾಹರಣೆ ಟ್ರಿನಿಡಾಡ್ ದ್ವೀಪದ್ದು. ಅಲ್ಲಿ ಕೋಕೋ ತೋಟಕ್ಕೆ ನೆರಳಿಗೆ ಅಂತ ದೊಡ್ಡ ಮರ ಹಾಕಿದ್ರು, ಆ ಮರಗಳ ಮೇಲೆ ಅನಾನಸ್ ಜಾತಿಯ ಬ್ರೊಮಿಲಿಯಡ್ ಗಿಡಗಳು ಹತ್ಕೊಂಡು ಬೆಳೆದ್ವು, ಅದರ ಎಲೆ ಬುಡದಲ್ಲಿ ಮಳೆ ನೀರು ನಿಲ್ಲತ್ತೆ, ಅಲ್ಲಿನ ಮಲೇರಿಯಾ ಸೊಳ್ಳೆ ಮೊಟ್ಟೆ ಇಡ್ತಿದ್ದಿದ್ದು ಅಲ್ಲಿ, ಮರದ ಮೇಲೆ! ನೆಲದ ಮೇಲಿನ ನೀರನ್ನ ಎಷ್ಟು ಹುಡುಕಿ ಮುಚ್ಚಿದ್ರೂ ಏನುಪಯೋಗ. ಕೊನೆಗೆ 1940ರ ದಶಕದಲ್ಲಿ ಮರಗಳ ಮೇಲೆ ಮೈಲುತುತ್ತದ ದ್ರಾವಣ ಸಿಂಪಡಿಸಿ ಆ ಗಿಡ ಸಾಯಿಸಿದ್ರು.

ಭತ್ತದ ಗದ್ದೆ ಬಗ್ಗೆನೂ ಒಬ್ಬರು ಕೇಳಿದ್ರು, ಇಲ್ಲೇ ಸೇರಿಸ್ತೀನಿ. ಆಫ್ರಿಕಾದಲ್ಲಿ ಗದ್ದೆ ಇರೋ ಹಳ್ಳಿಗಳಲ್ಲಿ ಸೊಳ್ಳೆ ಸಿಕ್ಕಾಪಟ್ಟೆ, ಆದ್ರೂ ಮಲೇರಿಯಾ ಪಕ್ಕದ ಹಳ್ಳಿಗಿಂತ ಜಾಸ್ತಿ ಇಲ್ಲ ಅಂತ ಬಹಳ ಕಾಲ ಹೇಳ್ತಿದ್ರು, ಬೆಳೆ ಬಂದು ಕೈಯಲ್ಲಿ ಕಾಸಾಡಿದ್ರೆ ಸೊಳ್ಳೆಪರದೆ, ಔಷಧಿ ತಗೋತಾರೆ ಅನ್ನೋದು ಒಂದು ವಿವರಣೆ. ಆದ್ರೆ 2022ರ ಒಂದು ವಿಶ್ಲೇಷಣೆ ಪ್ರಕಾರ 2003ರ ನಂತರದ ಅಂಕಿಅಂಶಗಳಲ್ಲಿ ಆ ಮಾತು ನಿಲ್ಲಲ್ಲ, ಈಗ ಪರದೆ ಔಷಧಿ ಎಲ್ಲ ಹಳ್ಳಿಗೂ ಸಿಗ್ತಿರೋದ್ರಿಂದ ಗದ್ದೆ ಹಳ್ಳಿಗಿದ್ದ ಆ ಅನುಕೂಲ ಹೋಯ್ತು, ಸೊಳ್ಳೆ ಮಾತ್ರ ಉಳೀತು.

ಪ್ರಶ್ನೆ: ಎಂಟು ತಿಂಗಳ ಹಿಂದೆ ಮಲೇರಿಯಾ ಬಂದು ವಾಸಿ ಆಗಿತ್ತು. ಆಮೇಲೆ ಸೊಳ್ಳೆನೇ ಇಲ್ಲದ ಚಳಿ ಜಾಗದಲ್ಲಿದೀನಿ, ಈಗ ಮತ್ತೆ ಬಂದಿದೆ. ಇಲ್ಲಿನ ಹವಾಮಾನದಲ್ಲಿ ಹೆಂಗೆ ಸಾಧ್ಯ?

ನಿಮಗೆ ಬಂದಿದ್ದು ವೈವ್ಯಾಕ್ಸ್ ಆಗಿರೋ ಸಾಧ್ಯತೆ ಜಾಸ್ತಿ, ಹಳೇ ರಿಪೋರ್ಟ್ ತೆಗೆದು ನೋಡಿ. ವೈವ್ಯಾಕ್ಸ್ ರೋಗಾಣು ಲಿವರ್‌ನಲ್ಲಿ ಮಲಗ್ಬಿಡತ್ತೆ, ತಿಂಗಳುಗಟ್ಟಲೆ ಕಳೆದು ಏಳತ್ತೆ, ಹೊಸದಾಗಿ ಸೊಳ್ಳೆ ಕಚ್ಚಬೇಕಾಗಿಲ್ಲ. ಚಳಿ ದೇಶಗಳಲ್ಲಿದ್ದ ಕೆಲವು ವೈವ್ಯಾಕ್ಸ್ ತಳಿಗಳು ಎಂಟು ಹತ್ತು ತಿಂಗಳು ಮಲಗಿ, ಚಳಿ ಕಳೆದು ಸೊಳ್ಳೆ ಹಾರಾಡೋ ಹೊತ್ತಿಗೆ ಸರಿಯಾಗಿ ಎದ್ದೇಳ್ತಿದ್ವು. ಅಂದ್ರೆ ಸೊಳ್ಳೆ ಇಲ್ಲದ ಕಾಲವನ್ನ ನಮ್ಮ ಮೈಯೊಳಗೇ ಕಳೆಯೋದು. ಫಿನ್ಲೆಂಡ್‌ನಂಥ ದೇಶದಲ್ಲೂ 19ನೇ ಶತಮಾನದ ತನಕ ಮಲೇರಿಯಾ ಇತ್ತು ಅಂದ್ರೆ ನಂಬ್ತೀರಾ, ಹೊರಗೆ ಹಿಮ, ಒಳಗೆ ಬೆಚ್ಚಗಿನ ಒಂದೇ ಕೋಣೆಯಲ್ಲಿ ಇಡೀ ಮನೆಯವರು, ಅದೇ ಕೋಣೆಯಲ್ಲಿ ಚಳಿಗಾಲ ಕಳೆಯೋ ಸೊಳ್ಳೆಗಳು.

ಡಾಕ್ಟ್ರ ಹತ್ರ ಹೋಗಿ, ಮುಂಚೆ ಬಂದಿದ್ದನ್ನ ಹೇಳಿ. ಮಲಗಿರೋ ರೋಗಾಣು ತೆಗೆಯಕ್ಕೆ ಪ್ರೈಮಾಕ್ವಿನ್ ಥರದ ಮಾತ್ರೆ ಬೇಕು, ಸಾಮಾನ್ಯವಾಗಿ 14 ದಿನದ ಕೋರ್ಸ್, ಜ್ವರ ಬಿಟ್ಟ ತಕ್ಷಣ ಅರ್ಧಕ್ಕೆ ನಿಲ್ಲಿಸೋರೇ ಜಾಸ್ತಿ. ಆದ್ರೆ ಇದನ್ನ ನೀವೇ ಮೆಡಿಕಲ್ ಶಾಪಿಂದ ತಂದು ನುಂಗ್ಬೇಡಿ, ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇದ್ದೋರಿಗೆ ಇದರಿಂದ ರಕ್ತಕಣ ಒಡೆದು ಅಪಾಯ ಆಗತ್ತೆ, ಮೊದ್ಲು ಆ ಟೆಸ್ಟ್. ಬಸುರಿಯರು ಇದನ್ನ ತಗೊಳೋ ಹಾಗಿಲ್ಲ.

ಪ್ರಶ್ನೆ: ಹಾಗಾದ್ರೆ ಹವಾಮಾನ ನೋಡಿ ಮಲೇರಿಯಾ ಭವಿಷ್ಯ ಹೇಳಕ್ಕಾಗತ್ತಾ? ಮಳೆ ನಿಂತ್ಮೇಲೆ ಸೊಳ್ಳೆಪರದೆ ಎತ್ತಿಡ್ಬೋದಾ?

ಮೊದಲನೇದಕ್ಕೆ, ಕೆಲವು ಕಡೆ ಆಗತ್ತೆ. ಪಂಜಾಬಲ್ಲಿ 1920ರ ದಶಕದಲ್ಲೇ ಮಳೆ, ಧಾನ್ಯದ ಬೆಲೆ, ಮಕ್ಕಳ ಊದಿದ ಗುಲ್ಮ (ಹೊಟ್ಟೆಯ ಎಡಗಡೆ ಇರೋ ಸ್ಪ್ಲೀನ್, ಮಲೇರಿಯಾ ಬಂದ್ರೆ ಊದ್ಕೊಳತ್ತೆ) ಇಷ್ಟನ್ನ ನೋಡಿ ಮುಂದಿನ ಸೀಸನ್ ಅಂದಾಜು ಮಾಡ್ತಿದ್ರು. ಈಗ ಬೋಟ್ಸ್ವಾನಾದಲ್ಲಿ ಡಿಸೆಂಬರಿಂದ ಫೆಬ್ರವರಿ ಮಳೆ ಮೇಲೆ ಆ ವರ್ಷದ ಮಲೇರಿಯಾ ಬಹಳಷ್ಟು ನಿಂತಿದೆ, ಆ ಮಳೆಯ ಮುನ್ಸೂಚನೆಯಿಂದಲೇ ಕೆಲವು ತಿಂಗಳು ಮೊದ್ಲೇ ಎಚ್ಚರಿಕೆ ಕೊಡ್ಬೋದು ಅಂತ 2006ರಲ್ಲಿ ತೋರಿಸಿದ್ರು. ಒಣ ಪ್ರದೇಶಕ್ಕೆ ಇದು ಹೊಂದತ್ತೆ, ವರ್ಷವಿಡೀ ನೀರಿರೋ ಕಡೆ ಅಷ್ಟು ಹೊಂದಲ್ಲ. ಪಾಕಿಸ್ತಾನದಲ್ಲಿ 2022ರ ಮಹಾಪ್ರವಾಹ ಆದ್ಮೇಲೆ ಕೇಸು ಹಿಂದಿನ ವರ್ಷದ ಸುಮಾರು 5 ಲಕ್ಷದಿಂದ 26 ಲಕ್ಷಕ್ಕೆ ಹಾರಿತ್ತು, ಪ್ರವಾಹ ನೀರು ಇಳಿಯೋದು ನಿಧಾನ ಇರೋ ಕಡೆ ಇದಾಗತ್ತೆ ಅಂತ ಅಂದಾಜು ಮಾಡಕ್ಕೆ ಕಂಪ್ಯೂಟರೇನೂ ಬೇಕಾಗಿರ್ಲಿಲ್ಲ. ಇನ್ನೊಂದು ಕಡೆ ಶ್ರೀಲಂಕಾ ನೋಡಿ, 1934ರಲ್ಲಿದ್ದ ಅದೇ ನದಿ ಅದೇ ಬಿಸಿಲು, 2016ರಲ್ಲಿ ಮಲೇರಿಯಾ ಮುಕ್ತ ದೇಶ ಅಂತ ಸರ್ಟಿಫಿಕೇಟ್ ತಗೊಳ್ತು. ಜ್ವರದ ಪ್ರತಿ ಕೇಸನ್ನೂ ಹುಡುಕಿ ಟೆಸ್ಟ್ ಮಾಡಿ ಔಷಧಿ ಕೊಟ್ರೆ ಸೊಳ್ಳೆ ಇದ್ರೂ ಅದಕ್ಕೆ ಹೀರಕ್ಕೆ ರೋಗಾಣು ಸಿಗಲ್ಲ.

ಎರಡನೇದಕ್ಕೆ, ಬೇಡ. ಮಳೆ ಬಿದ್ದು ಗುಂಡಿ ತುಂಬಿ ಸೊಳ್ಳೆ ಆಗಕ್ಕೆ ಎರಡು ವಾರ, ಅದರೊಳಗೆ ರೋಗಾಣು ಬಲಿಯಕ್ಕೆ ಹತ್ತು ಹನ್ನೆರಡು ದಿನ, ಕಚ್ಚಿಸ್ಕೊಂಡ ಮೇಲೆ ಜ್ವರ ಕಾಣಕ್ಕೆ ಇನ್ನೂ ಒಂದೆರಡು ವಾರ. ಕೂಡಿಸಿ ನೋಡಿ, ಮಳೆಗೂ ಜ್ವರಕ್ಕೂ ಒಂದರಿಂದ ಎರಡು ತಿಂಗಳ ಅಂತರ ಬರತ್ತೆ, ಆಕಾಶ ತಿಳಿಯಾದ ಮೇಲೆನೇ ಕೇಸು ತುದಿಗೇರೋದು. ಮಳೆ ನಿಂತು ಕನಿಷ್ಠ ಎರಡು ಮೂರು ತಿಂಗಳು ಪರದೆ ಇರಲಿ, ಮನೆ ಟ್ಯಾಂಕಿಗೆ ಮುಚ್ಚಳ ಇಲ್ಲ ಅಂದ್ರೆ ವರ್ಷಪೂರ್ತಿ ಇರಲಿ. ಆ ಅವಧಿಯಲ್ಲಿ ಚಳಿ ಜ್ವರ ಬಂದ್ರೆ ಮಳೆಗಾಲ ಮುಗೀತಲ್ಲ ಅಂದ್ಕೊಂಡು ಕೂರದೆ ಅದೇ ದಿನ ರಕ್ತ ಟೆಸ್ಟ್ ಮಾಡ್ಸಿ, ಹಿಂದಿನ ಎರಡು ತಿಂಗಳಲ್ಲಿ ಎಲ್ಲೆಲ್ಲಿ ಉಳ್ಕೊಂಡಿದ್ರಿ ಅಂತ ಡಾಕ್ಟ್ರು ಕೇಳದೇ ಇದ್ರೂ ಹೇಳಿ.